ಎರಡು ಸಬ್‌ವೂಫರ್, ಅದರಲ್ಲೊಂದು ನಿದ್ದೆಬುರುಕ

ಮೊದಲೇ ಹೇಳಿಬಿಡುತ್ತೇನೆ, ಎರಡನೇ ಸಬ್‌ವೂಫರ್ (ಬರೀ ತಗ್ಗಿನ ಸದ್ದಿಗೆ, ಅಂದರೆ ಬೇಸ್‌ಗೆ ಇರುವ ಸ್ಪೀಕರ್) ತಂದದ್ದು ಮನೆ ನಡುಗಿಸೋದಕ್ಕಲ್ಲ. ನಮ್ಮದು ಬೆಂಗಳೂರಿನ ಮಾಮೂಲಿ ಬಾಡಿಗೆ ಮನೆಯ ಹಾಲ್. 17 ಅಡಿ ಉದ್ದ, 11 ಅಡಿ ಅಗಲ. ಕೆಳಗಡೆ ಓನರ್ ಇದ್ದಾರೆ. ನಡುಗಿಸಿದರೆ ಗಂಟುಮೂಟೆ ಕಟ್ಟಬೇಕಾಗುತ್ತದೆ.

ನನ್ನ ತಕರಾರು ಬೇರೆ ಇತ್ತು. ಒಂದೇ ಸಬ್ ಇದ್ದಾಗ ಹಾಲ್ ಮಧ್ಯದ ಸೋಫಾದಲ್ಲಿ ಕೂತ ನನಗೆ ಬೇಸ್ ಪೂರ್ತಿ ಸಪ್ಪೆ. ಹಿಂದಿನ ಗೋಡೆಯ ಹತ್ತಿರ ಹಾಕಿರುವ ದಿವಾನದ ಮೇಲೆ ಕೂತ ಅಮ್ಮನಿಗೆ ಅದೇ ಸದ್ದು ಎದೆಗೆ ಗುದ್ದುತ್ತಿತ್ತು. ನಾನು ಜಾಸ್ತಿ ಮಾಡೋದು, ಅಮ್ಮ "ಕಮ್ಮಿ ಮಾಡೋ, ತಲೆ ದಿಮ್ಮಂತಿದೆ" ಅನ್ನೋದು. ದಿನಾ ಇದೇ ರಾಮಾಯಣ. ಇಬ್ಬರ ಮಾತೂ ನಿಜವೇ ಆಗಿತ್ತು, ಅದೇ ತಮಾಷೆ.

ಇದು ಕೋಣೆಯ ಅಳತೆಯ ಆಟ. 17 ಅಡಿ ಉದ್ದಕ್ಕೆ ಸುಮಾರು 33 ಹರ್ಟ್ಸ್‌ನಲ್ಲಿ ಒಂದು ಅಲೆ ಕೋಣೆಯೊಳಗೇ ನಿಂತುಬಿಡುತ್ತದೆ. ಅದರ ಒತ್ತಡ ಎರಡು ತುದಿಯ ಗೋಡೆಗಳ ಹತ್ತಿರ ಜಾಸ್ತಿ, ನಟ್ಟನಡುವೆ ಹೆಚ್ಚುಕಡಿಮೆ ಸೊನ್ನೆ. ರಿಸೀವರ್‌ನಲ್ಲಿ (ಸ್ಪೀಕರ್‌ಗಳಿಗೆಲ್ಲ ಸದ್ದು ಹಂಚುವ ಪೆಟ್ಟಿಗೆ) ಎಷ್ಟೇ ಈಕ್ವಲೈಸರ್ ಎಳೆದಾಡಿದರೂ ಆ ನಡುವಿನ ಗುಂಡಿ ತುಂಬೋದಿಲ್ಲ. ಈಗ ಎದುರುಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದು ಸಬ್ ಇಟ್ಟು ಎರಡನ್ನೂ ಒಟ್ಟಿಗೆ ನುಡಿಸಿ. ಉಯ್ಯಾಲೆಯನ್ನು ಎರಡೂ ಕಡೆಯಿಂದ ಒಂದೇ ಸಲ ತಳ್ಳಿದ ಹಾಗೆ, ಆ ಅಲೆ ಏಳೋದೇ ಇಲ್ಲ. ಹರ್ಮನ್ ಕಂಪನಿಯಲ್ಲಿದ್ದ ಟಾಡ್ ವೆಲ್ಟಿ 2002ರಲ್ಲೇ ಇದನ್ನೆಲ್ಲ ಲೆಕ್ಕ ಹಾಕಿ ತೋರಿಸಿದ್ದರು. ನಾಲ್ಕು ಸಬ್ ಇದ್ದರೆ ಇನ್ನೂ ಒಳ್ಳೆಯದು ಅಂತಲೂ ಅದರಲ್ಲಿದೆ. ಆ ಭಾಗವನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಹಾಗಾಗಿ 12 ಇಂಚಿನ ದೊಡ್ಡದೊಂದು ಕೊಳ್ಳುವ ಆಸೆ ಬಿಟ್ಟು, ಇದ್ದ 10 ಇಂಚಿನದ್ದೇ ಮಾಡೆಲ್ ಇನ್ನೊಂದನ್ನು ಸೆಕೆಂಡ್ ಹ್ಯಾಂಡ್ ತಂದೆ. ಜೋಡಿ ಒಂದೇ ಮಾಡೆಲ್ ಆಗಿದ್ದರೆ ಹೊಂದಿಸೋದು ಸುಲಭ. ಎಸ್.ಪಿ. ರೋಡಿನಲ್ಲಿ ಶೀಲ್ಡ್ ಇರುವ ಉದ್ದನೆಯ ಆರ್‌ಸಿಎ ಕೇಬಲ್ ಸಿಕ್ಕಿತು. ಅದನ್ನು ಕೇಸಿಂಗ್ ಪಟ್ಟಿಯೊಳಗೆ ಹಾಕಿ ಗೋಡೆಯ ಬುಡದಲ್ಲೇ ದಿವಾನದ ಹಿಂದಕ್ಕೆ ಒಯ್ದೆ.

ಜೋಡಿಸೋದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ರಿಸೀವರ್‌ನ ಎರಡು ಸಬ್ ಔಟ್‌ಗಳಿಂದ ಒಂದೊಂದು ವೈರು, ಸಬ್‌ನ ಎಲ್ಎಫ್ಇ (ಬೇಸ್ ಸಿಗ್ನಲ್) ಇನ್‌ಪುಟ್‌ಗೆ. ಸಬ್ ಮೇಲಿನ ಕ್ರಾಸ್‌ಓವರ್ ನಾಬ್ (ಎಷ್ಟು ಹರ್ಟ್ಸ್‌ವರೆಗಿನ ಸದ್ದು ಸಬ್‌ಗೆ ಅಂತ ಗೆರೆ ಎಳೆಯುವುದು) ಅತಿ ಹೆಚ್ಚಿನ ತುದಿಯವರೆಗೆ ತಿರುಗಿಸಿ ಮರೆತುಬಿಡಿ, ಆ ಕೆಲಸ ರಿಸೀವರ್‌ನದು. ರಿಸೀವರ್‌ನ ಮೆನುವಿನಲ್ಲಿ ಸ್ಪೀಕರ್‌ಗಳೆಲ್ಲ 'ಸ್ಮಾಲ್' (ಅಂದರೆ ಬೇಸನ್ನು ಸಬ್‌ಗೆ ಬಿಟ್ಟುಕೊಡುವಂಥವು), ಕ್ರಾಸ್‌ಓವರ್ 80 ಹರ್ಟ್ಸ್. ಒಂದೇ ಔಟ್ ಇರುವ ರಿಸೀವರ್ ಆದರೆ ಒಂದನ್ನು ಎರಡಾಗಿ ಕವಲೊಡೆಸುವ ವೈ ಕೇಬಲ್ ಸಾಕು, ಸದ್ದೇನೂ ಅರ್ಧ ಆಗೋದಿಲ್ಲ. ಎಷ್ಟೋ ರಿಸೀವರ್‌ಗಳಲ್ಲಿ ಎರಡು ತೂತು ಕಂಡರೂ ಒಳಗಡೆ ಒಂದೇ ಸಿಗ್ನಲ್ ಇರುತ್ತದೆ. ರಿಸೀವರ್‌ನಲ್ಲಿ ಆಡಿಸ್ಸಿ ಕಂಪನಿಯ 'ಸಬ್ ಇಕ್ಯೂ ಎಚ್‌ಟಿ' ತರಹದ ಸಾಫ್ಟ್‌ವೇರ್ ಇದ್ದರೆ ಮಾತ್ರ ಎರಡಕ್ಕೂ ಬೇರೆ ಬೇರೆ ದೂರ, ಬೇರೆ ಬೇರೆ ಲೆವೆಲ್ ಹಾಕಬಹುದು. ಕೊಳ್ಳುವ ಮುಂಚೆ ಇದೊಂದು ಕೇಳಿಕೊಳ್ಳಿ. ಆಟೋ ಸೆಟಪ್ (ರಿಸೀವರ್ ಮೈಕ್‌ನಿಂದ ತಾನೇ ಅಳೆದು ಹೊಂದಿಸಿಕೊಳ್ಳುವುದು) ಆದಮೇಲೆ ಸಬ್‌ನ ದೂರ ನಿಮ್ಮ ಟೇಪಿನ ಅಳತೆಗಿಂತ ಜಾಸ್ತಿ ತೋರಿಸಿದರೆ ತಿದ್ದಲು ಹೋಗಬೇಡಿ. ಸಬ್‌ನ ಒಳಗಿನ ಸರ್ಕ್ಯೂಟ್ ತೆಗೆದುಕೊಳ್ಳುವ ಸಮಯವನ್ನೂ ಅದು ದೂರಕ್ಕೇ ಸೇರಿಸಿರುತ್ತದೆ.

ಫಲ? ಒಂದು ಸಿನಿಮಾ ಹಾಕಿಕೊಂಡು ಸೋಫಾದಿಂದ ದಿವಾನಕ್ಕೆ, ದಿವಾನದಿಂದ ಊಟದ ಟೇಬಲ್ಲಿಗೆ ಓಡಾಡಿದೆ. ಎಲ್ಲಾ ಕಡೆ ಹೆಚ್ಚುಕಡಿಮೆ ಅದೇ ಬೇಸ್. ಮೊದಲಿಗಿಂತ ಕಮ್ಮಿ ವಾಲ್ಯೂಮಿನಲ್ಲಿ! ಸೋಫಾದ ಗುಂಡಿ ತುಂಬಿಸೋಕೆ ಜಾಸ್ತಿ ಇಡುವ ದರ್ದೇ ಇಲ್ಲವಲ್ಲ. ಕಚೇರಿ ಹಾಕಿದರೆ ಮೃದಂಗದ ಎಡಗಡೆಯ ಗುಮುಕು ಬಂದು, ತುಂಬಿ, ಅಲ್ಲೇ ನಿಲ್ಲುತ್ತದೆ. ಮೊದಲಿನ ಹಾಗೆ ಗುಂಯ್ ಅಂತ ಎಳೆದಾಡೋದಿಲ್ಲ. ಅಮ್ಮ ತಾಳ ಹಾಕುತ್ತಾ ಪೂರ್ತಿ ತನಿ ಆವರ್ತನ ಕೇಳಿದ್ದು ಈ ಎರಡನೆಯದು ಬಂದಮೇಲೇ. ಈಗ ಹಿಂದಿನ ಸಬ್ ಮೇಲೆ ಅವರದೇ ಕಸೂತಿ ಬಟ್ಟೆ, ಆಯುಧಪೂಜೆಗೆ ಎರಡಕ್ಕೂ ಕುಂಕುಮ, ಚೆಂಡುಹೂವು. ನೀರಿನ ಚೊಂಬು ಮಾತ್ರ ಅದರ ಮೇಲೆ ಇಡಬೇಡಿ ಅಂತ ಕೈಮುಗಿದಿದ್ದೇನೆ.

ಇನ್ನು ನನ್ನ ಹೊಟ್ಟೆ ಉರಿಸಿದ ವಿಷಯಕ್ಕೆ ಬರುತ್ತೇನೆ. ಆಟೋ ಸ್ಟ್ಯಾಂಡ್‌ಬೈ, ಅಂದರೆ ಸಿಗ್ನಲ್ ಬರದಿದ್ದರೆ ಸಬ್ ತಾನೇ ಮಲಗಿ, ಬಂದರೆ ತಾನೇ ಏಳುವ ವ್ಯವಸ್ಥೆ.

ಸ್ಟ್ಯಾಂಡ್‌ಬೈನಲ್ಲಿರುವ ಉಪಕರಣ ಅರ್ಧ ವಾಟ್‌ಗಿಂತ ಜಾಸ್ತಿ ಎಳೀಬಾರದು, ಕೆಲಸ ಇಲ್ಲದಾಗ ತಾನೇ ಮಲಗಬೇಕು ಅಂತ ಯುರೋಪಿನಲ್ಲಿ 2013ರಿಂದ ನಿಯಮ ಇದೆ. ಒಳ್ಳೆಯದೇ. ಆದರೆ ನನ್ನ ಸಬ್‌ಗೆ 'ಕೆಲಸ ಇಲ್ಲ' ಅಂದರೆ ಏನು? ರಾತ್ರಿ ಒಂಬತ್ತರ ವಾರ್ತೆ. ಬರೀ ಮಾತು, 80 ಹರ್ಟ್ಸ್ ಕೆಳಗೆ ಹೇಳಿಕೊಳ್ಳುವಂಥದ್ದೇನೂ ಇರೋದಿಲ್ಲ. ಕಾಲು ಗಂಟೆ ಕಳೆಯುವಷ್ಟರಲ್ಲಿ ಎರಡೂ ಗೊರಕೆ. ಆಮೇಲೆ ಸಿನಿಮಾ ಹಾಕಿದರೆ ಮುಂದಿನದು ಏಳುತ್ತದೆ, ಹಿಂದಿನದು ಏಳೋದಿಲ್ಲ. ಒಂದೇ ಎದ್ದರೆ ಏನಾಗುತ್ತದೆ ಗೊತ್ತಲ್ಲ, ಸೋಫಾ ಮತ್ತೆ ಸಪ್ಪೆ, ದಿವಾನದಿಂದ ಮತ್ತೆ "ಕಮ್ಮಿ ಮಾಡೋ". ಎರಡನೆಯದಕ್ಕೆ ಸುರಿದ ದುಡ್ಡು ಪೂರಾ ಮಲಗಿತ್ತು. ನಾನು ದಿವಾನದ ಹಿಂದೆ ಬಗ್ಗಿ ಲೈಟು ಕೆಂಪೋ ಹಸಿರೋ ನೋಡೋದು ರಾತ್ರಿಯ ದಿನಚರಿಯೇ ಆಗಿಬಿಟ್ಟಿತ್ತು.

ಅದೇ ಮಾಡೆಲ್, ಅದೇ ಸಿಗ್ನಲ್, ಒಂದು ಮಾತ್ರ ಯಾಕೆ ಮಲಗುತ್ತದೆ? ಉತ್ತರ ರಿಸೀವರ್‌ನ ಲೆವೆಲ್ ಪಟ್ಟಿಯಲ್ಲಿತ್ತು. ಸೆಕೆಂಡ್ ಹ್ಯಾಂಡ್ ಸಬ್‌ನ ಗೇನ್ (ಅದರದೇ ವಾಲ್ಯೂಮ್ ನಾಬ್) ಜಾಸ್ತಿ ಇತ್ತು, ಆಟೋ ಸೆಟಪ್ ಅದನ್ನು ಸರಿದೂಗಿಸಲು ಅದರ ಲೆವೆಲ್ಲನ್ನು ಮೈನಸ್ 9 ಡೆಸಿಬೆಲ್‌ಗೆ ಇಳಿಸಿತ್ತು. ಅಂದರೆ ವೈರಿನಲ್ಲಿ ಹೋಗುವ ಸಿಗ್ನಲ್ಲೇ ಬಡವಾಗಿತ್ತು, ಅದನ್ನು ಎಬ್ಬಿಸುವಷ್ಟು ಶಕ್ತಿ ಇರಲಿಲ್ಲ. ಗೇನ್ ನಾಬ್ ಇಳಿಸಿ ಮತ್ತೆ ಸೆಟಪ್ ಓಡಿಸಿದೆ. ಈ ಸಲ ಮೈನಸ್ 2. ಕಿವಿಗೆ ಬೀಳುವ ಸದ್ದು ಅಷ್ಟೇ, ಆದರೆ ವೈರಿನಲ್ಲಿ ವೋಲ್ಟೇಜ್ ಎರಡು ಪಟ್ಟಿಗೂ ಮೇಲೆ. ಇಷ್ಟನ್ನು ಮ್ಯಾನ್ಯುಯಲ್‌ನಲ್ಲಿ ಎರಡು ಸಾಲು ಬರೆದಿದ್ದರೆ ಅವರ ಗಂಟು ಹೋಗುತ್ತಿತ್ತಾ? ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ವಾಲ್ಯೂಮ್ ಜಾಸ್ತಿ ಇಡಿ ಸರ್" ಅಂದರು. ನಮ್ಮ ಓನರ್ ನಂಬರ್ ಕೊಡಬೇಕು ಅನ್ನಿಸಿತು.

ಇಷ್ಟಾದರೂ ರಾತ್ರಿ ತೀರಾ ಕಮ್ಮಿ ಸದ್ದಿನಲ್ಲಿ ನೋಡುವಾಗ ಅದು ಆಗಾಗ ಕಣ್ಣು ಮುಚ್ಚುತ್ತಿತ್ತು. ಕೊನೆಗೆ ಎರಡರ ಸ್ವಿಚ್ಚನ್ನೂ 'ಆಟೋ'ದಿಂದ 'ಆನ್'ಗೆ ಹಾಕಿದೆ. ನಮ್ಮ ಗೋಡೆಯ ಸಾಕೆಟ್‌ಗಳಿಗೆ ಸ್ವಿಚ್ ಇರುತ್ತದೆ ಅಲ್ವಾ, ಸಂಜೆ ಅದನ್ನೇ ಒತ್ತುವುದು. ಮೊದಲು ರಿಸೀವರ್, ಅದರ ರಿಲೇ ಟಕ್ ಅಂದಮೇಲೆ ಸಬ್‌ಗಳು. ಆರಿಸುವಾಗ ಉಲ್ಟಾ. ಹೀಗೆ ಮಾಡಿದರೆ ಧಡ್ ಅನ್ನುವ ಸದ್ದು ಬರೋದಿಲ್ಲ. ಎರಡೂ ಸಬ್ ಮತ್ತು ರಿಸೀವರ್‌ಗೆ ಕರೆಂಟು ಒಂದೇ ಸ್ವಿಚ್‌ಬೋರ್ಡಿನ ಸಾಕೆಟ್‌ಗಳಿಂದ ಕೊಡಿ. ಬೇರೆ ಬೇರೆ ಕಡೆಯಿಂದ ಕೊಟ್ಟರೆ ಎಷ್ಟೋ ಮನೆಗಳಲ್ಲಿ ಅರ್ಥಿಂಗ್ ಸುತ್ತು ಬಿದ್ದು ಹಂ ಅನ್ನುವ ಗುಂಗು ಶುರುವಾಗುತ್ತದೆ. ಅದಕ್ಕೆ ಅರ್ಥ್ ಪಿನ್ ಮುರಿದುಬಿಡಿ ಅಂತ ಯಾರಾದರೂ ಸಲಹೆ ಕೊಟ್ಟರೆ ಅವರ ಹತ್ತಿರ ರಿಪೇರಿ ಮಾಡಿಸಬೇಡಿ. ಶಾಕ್ ಹೊಡೆದರೆ ಕಾಪಾಡೋದು ಅದೇ ಪಿನ್ನು.

ಒಬ್ಬರೇ ಕೂತು, ಒಂದೇ ಕುರ್ಚಿಯಲ್ಲಿ ನೋಡುವವರಿಗೆ ಇದು ದಂಡದ ಖರ್ಚು. ಇರುವ ಒಂದನ್ನೇ ಅಲ್ಲಿ ಇಲ್ಲಿ ಸರಿಸಿ ನೋಡಿ, ಎಲ್ಲೋ ಒಂದು ಕಡೆ ಸರಿಹೋಗುತ್ತದೆ. ಮನೆಮಂದಿಯೆಲ್ಲ ಹರಡಿ ಕೂರುವ ಹಾಲ್ ಆದರೆ ದೊಡ್ಡದೊಂದಕ್ಕಿಂತ ಚಿಕ್ಕವೆರಡು ತನ್ನಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಕತ್ತರಿಸಿದ ಒಂದು ಆ ಸ್ಟ್ಯಾಂಡ್‌ಬೈ ಸರ್ಕ್ಯೂಟ್ ಮಾಡಿದವರಿಗೆ.