ಕ್ಯಾಮ್ರಿ ಹೈಬ್ರಿಡ್: ಆರು ವರ್ಷ, 1,12,000 ಕಿಲೋಮೀಟರ್

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ಬೆನ್ನುನೋವಿನ ಚಿಕಿತ್ಸೆಗಾಗಿ ತಾಯಿಯವರನ್ನು ಎರಡು ತಿಂಗಳಿಗೊಮ್ಮೆ ಅಲ್ಲಿಗೆ ಕರೆದೊಯ್ಯಬೇಕಾಗಿದ್ದುದರಿಂದ, ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಹಿತವಾಗುವ ಕಾರೇ ಬೇಕೆಂದು ನಿಶ್ಚಯಿಸಿ 2019ರಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಟೊಯೊಟಾ ಕ್ಯಾಮ್ರಿ ಹೈಬ್ರಿಡ್ ಕೊಂಡೆ. ಬಿಡದಿಯಲ್ಲೇ ಜೋಡಣೆಯಾಗುತ್ತಿದ್ದ ಈ ಕಾರಿನ ಎಕ್ಸ್-ಶೋರೂಂ ಬೆಲೆ ಆ ಜನವರಿಯಲ್ಲಿ 36.95 ಲಕ್ಷ ರೂಪಾಯಿ ಇತ್ತು. ಇಷ್ಟು ಹಣಕ್ಕೆ ಎತ್ತರದ ಎಸ್‌ಯುವಿಯನ್ನೇ ತರಬಹುದಿತ್ತಲ್ಲ ಎಂದು ಮಂಡಿಪೇಟೆಯ ಸ್ನೇಹಿತರು ಇಂದಿಗೂ ಕೇಳುತ್ತಾರೆ. ಅವರಿಗೆ ನಾನು ಕೊಡುವ ಉತ್ತರ ಒಂದೇ: ಈ ಕಾರಿನಲ್ಲಿ ಭಾರವನ್ನು ಎಲ್ಲಿ ಇಟ್ಟಿದ್ದಾರೆ ಎಂಬುದನ್ನು ನೋಡಿ.

ಕ್ಯಾಮ್ರಿ 1982ರಿಂದಲೂ ಮುಂಗಾಲಿ ಚಾಲನೆಯ ಕುಟುಂಬದ ಕಾರು. ಆದರೆ ಮುಖ್ಯ ಎಂಜಿನಿಯರ್ ಮಸಾತೊ ಕತ್ಸುಮಾತಾ ಅವರ ನೇತೃತ್ವದಲ್ಲಿ ರೂಪುಗೊಂಡು 2017ರಲ್ಲಿ ಹೊರಬಂದ ಈ ಪೀಳಿಗೆಗೆ ಹಳೆಯ ಅಡಿಪಾಯವನ್ನು ಬಳಸಿಲ್ಲ. ಟಿಎನ್‌ಜಿಎ (ಟೊಯೊಟಾ ನ್ಯೂ ಗ್ಲೋಬಲ್ ಆರ್ಕಿಟೆಕ್ಚರ್) ಎಂಬ ಹೊಸ ಪ್ಲಾಟ್‌ಫಾರ್ಮ್, ಅಂದರೆ ಕಾರಿನ ತಳಹದಿ, ಹೊಸ ಎಂಜಿನ್, ಹೊಸ ಸಸ್ಪೆನ್ಷನ್ ಎಲ್ಲವೂ ಒಟ್ಟಿಗೆ ಬಂದವು. ಭಾರ ನೆಲಕ್ಕೆ ಹತ್ತಿರವಾಗುವಂತೆ ಎಂಜಿನ್ನನ್ನೂ ಸೀಟುಗಳನ್ನೂ ಕೆಳಕ್ಕೆ ಇಳಿಸಿದರು. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2,775 ಮಿ.ಮೀ.ನಿಂದ 2,825 ಮಿ.ಮೀ.ಗೆ ಏರಿತು, ಹಿಂಬದಿಯ ಸಸ್ಪೆನ್ಷನ್ನಿನಲ್ಲಿ ಸ್ಟ್ರಟ್ ಜಾಗಕ್ಕೆ ಗಾಲಿಯನ್ನು ಮೇಲೊಂದು ಕೆಳಗೊಂದು ತೋಳಿನಿಂದ ಹಿಡಿಯುವ ಡಬಲ್ ವಿಶ್‌ಬೋನ್ ಬಂತು. ಹಿರಿಯೂರಿನಿಂದ ಚಿತ್ರದುರ್ಗದ ಕಡೆಗೆ ಗಾಳಿ ಜೋರಾಗಿ ಬೀಸುವ ದಿನಗಳಲ್ಲಿ ಲಾರಿಯೊಂದನ್ನು ದಾಟುವಾಗಲೂ ಕಾರು ಓಲಾಡುವುದಿಲ್ಲ ಮತ್ತು ತಾಯಿಯವರು ಬೆಂಗಳೂರು ತಲುಪಿದಾಗ ಬೆನ್ನು ಹಿಡಿದುಕೊಂಡು ಇಳಿಯುವುದಿಲ್ಲ. ಹಿಂದಿನ ಸೀಟು ವಾಲುವಂತಿದೆ, ಅದರ ಗುಂಡಿ ಕೈ ಆನಿಸುವ ಜಾಗದಲ್ಲೇ ಇದೆ. ಆದರೂ ಹೆಚ್ಚಿನ ಉಪಕಾರ ಆ ಸಸ್ಪೆನ್ಷನ್ನಿನದು ಎಂಬುದು ನನ್ನ ಅನುಭವ.

ಹಿಂದಿನ ಪೀಳಿಗೆಯ ಹೈಬ್ರಿಡ್‌ನಲ್ಲಿ ದೊಡ್ಡ ಬ್ಯಾಟರಿ ಡಿಕ್ಕಿಯ ಜಾಗವನ್ನು ನುಂಗುತ್ತಿತ್ತು. ಇದರಲ್ಲಿ 204 ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲುಗಳ, 244.8 ವೋಲ್ಟಿನ ಆ ಪೆಟ್ಟಿಗೆ ಹಿಂದಿನ ಸೀಟಿನ ಕೆಳಗೆ ಸೇರಿಕೊಂಡಿರುವುದರಿಂದ ಡಿಕ್ಕಿಯಲ್ಲಿ 524 ಲೀಟರ್ ಜಾಗ ಪೂರ್ತಿಯಾಗಿ ಉಳಿದಿದೆ. ಆ ಬ್ಯಾಟರಿ ತಣ್ಣಗಿರಲು ಫ್ಯಾನೊಂದು ಸೀಟಿನ ಬುಡದ ಜಾಲರಿಯ ಮೂಲಕ ಕಾರಿನೊಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಇದನ್ನು ನಾನು ಮೊದಲ ಎರಡು ವರ್ಷ ಗಮನಿಸಿರಲಿಲ್ಲ. ತಾಯಿಯವರ ಕಾಲಿಗೆ ಬೆಚ್ಚಗಿರಲೆಂದು ಹಾಕಿದ್ದ ಕಂಬಳಿ ಜಾಲರಿಯ ಮೇಲೆ ಜೋತುಬೀಳುತ್ತಿತ್ತು, ಅದರ ಎಳೆಗಳು ಜಾಲರಿಯಲ್ಲಿ ಗಟ್ಟಿಯಾಗಿ ಕೂತಿದ್ದವು. ಒಂದು ಏಪ್ರಿಲ್ ಮಧ್ಯಾಹ್ನ ಶಿರಾ ದಾಟುವಾಗ ಅವರೇ ಮೊದಲು ಹೇಳಿದರು: "ಸೀಟಿನ ಬುಡದಾಗೆ ಏನೋ ಗುಂಯ್ ಅಂತೈತಪ್ಪ, ನೋಡು." ಬ್ಯಾಟರಿ ಬಿಸಿಯಾಗಿ ಫ್ಯಾನು ಪೂರ್ಣ ವೇಗದಲ್ಲಿ ತಿರುಗುತ್ತಿತ್ತು. ಅಂದಿನಿಂದ ಪ್ರತಿ ಸರ್ವೀಸಿನಲ್ಲಿಯೂ ಆ ಜಾಲರಿಯನ್ನು ನನ್ನ ಕಣ್ಣೆದುರೇ ಸ್ವಚ್ಛಗೊಳಿಸಲು ಹೇಳುತ್ತೇನೆ. ನಮ್ಮ ಕಡೆಯ ಬೇಸಿಗೆಯಲ್ಲಿ, ನಮ್ಮ ಕಡೆಯ ಧೂಳಿನಲ್ಲಿ, ಈ ಕಾರನ್ನು ಬಳಸುವವರು ನೆನಪಿಡಲೇಬೇಕಾದ ಸಂಗತಿಯಿದು.

ಎಂಜಿನ್ 2,487 ಸಿಸಿಯದು. ಎಂಜಿನ್, ಮೋಟಾರು ಎರಡರ ಶಕ್ತಿ ಸೇರಿದರೆ 218 ಪಿಎಸ್ (ಅಶ್ವಶಕ್ತಿಯ ಅಳತೆ). ಈ ಎಂಜಿನ್ ಕೆಲಸಮಾಡುವುದು ಅಟ್ಕಿನ್ಸನ್ ಎಂಬ ಕ್ರಮದಲ್ಲಿ. ಅದರಲ್ಲಿ ಗಾಳಿ ಒಳಬರುವ ವಾಲ್ವು ತಡವಾಗಿ ಮುಚ್ಚಿಕೊಳ್ಳುವುದರಿಂದ, ಉರಿದ ಅನಿಲ ಹಿಗ್ಗುವ ದೂರವು ಉರಿಯುವ ಮುನ್ನ ಮಿಶ್ರಣ ಒತ್ತಲ್ಪಡುವ ದೂರಕ್ಕಿಂತ ಹೆಚ್ಚು. ಹೀಗೆ ಇಂಧನದ ಶಾಖದಲ್ಲಿ ಗರಿಷ್ಠ ಶೇ 41ರಷ್ಟು ಕೆಲಸಕ್ಕೆ ಬರುತ್ತದೆ ಎಂದು ತಯಾರಕರ ಹೇಳಿಕೆ. ಆ ಕ್ರಮದಲ್ಲಿ ಕಡಿಮೆ ವೇಗದ ಎಳೆತ ಕುಗ್ಗುತ್ತದೆ. ಅಲ್ಲಿ ಮೋಟಾರು ಕೈಹಿಡಿಯುತ್ತದೆ. ಗಿಯರ್ ಪೆಟ್ಟಿಗೆಯಲ್ಲಿ ಕ್ಲಚ್ ಇಲ್ಲ, ಬೆಲ್ಟ್ ಇಲ್ಲ. ಸೂರ್ಯನಂತೆ ನಡುವಿರುವ ಗಿಯರ್ ಒಂದು ಮೋಟಾರಿಗೆ, ಅದರ ಸುತ್ತ ತಿರುಗುವ ಗಿಯರುಗಳು ಎಂಜಿನ್ನಿಗೆ, ಹೊರಬಳೆ ಗಾಲಿಗಳ ಕಡೆಗೆ ಜೋಡಿಕೊಂಡಿದ್ದು, ಇನ್ನೊಂದು ಮೋಟಾರು ಗಾಲಿಗಳಿಗೆ ನೇರವಾಗಿ ಬಲ ಕೊಡುತ್ತದೆ. ಸವೆಯುವ ಭಾಗಗಳು ಇಷ್ಟು ಕಡಿಮೆ ಇರುವ ಪೆಟ್ಟಿಗೆ ಇನ್ನೊಂದಿಲ್ಲ ಎಂದು ನನಗನಿಸುತ್ತದೆ. ಆಗುಂಬೆಯ 14 ತಿರುವುಗಳನ್ನು ಏರುವಾಗ ಎಂಜಿನ್ ಒಂದೇ ಎತ್ತರದ ಸ್ವರದಲ್ಲಿ ಮೊರೆಯುವುದು ಕಿವಿಗೆ ಹಿತವಲ್ಲ, ನಿಜ. ಇಳಿಯುವಾಗ ಮಾತ್ರ ಅದೇ ಮೋಟಾರು ಜನರೇಟರ್ ಆಗಿ ಬ್ಯಾಟರಿ ತುಂಬಿಸುತ್ತ ವೇಗವನ್ನು ಹಿಡಿದಿಡುತ್ತದೆ. ಮೊದಲ ಬ್ರೇಕ್ ಪ್ಯಾಡುಗಳೇ 90,000 ಕಿ.ಮೀ.ವರೆಗೆ ಬಂದವು.

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಸಂಜೆಯ ದಟ್ಟಣೆಯಂಥ ಕಡೆ ಎಂಜಿನ್ ನಿಂತೇ ಇರುತ್ತದೆ. ಊರೊಳಗೆ ಲೀಟರಿಗೆ 19, ಹೆದ್ದಾರಿಯಲ್ಲಿ 17 ಕಿ.ಮೀ. ಸಿಗುತ್ತಿದೆ. ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಕೊಟ್ಟ ಅಂಕಿಯಾದ 23.27 ನನಗೆ ಎಂದೂ ಬಂದಿಲ್ಲ.

2020ರ ಲಾಕ್‌ಡೌನಿನಲ್ಲಿ ಕಾರನ್ನು ಏಳು ವಾರ ಮುಟ್ಟದೆ ಬಿಟ್ಟಿದ್ದೆ. ಆಮೇಲೆ ಕೀಲಿ ಹಿಡಿದು ಬಾಗಿಲಿನ ಬಳಿ ನಿಂತರೂ ಕಾರು ಮಿಸುಕಲಿಲ್ಲ. ಸೀಟಿನ ಕೆಳಗೆ ಅಷ್ಟು ದೊಡ್ಡ ಬ್ಯಾಟರಿ ಇದ್ದೂ, ಅದನ್ನು ಮೋಟಾರಿಗೆ ಜೋಡಿಸುವ ರಿಲೇಗಳು (ವಿದ್ಯುತ್ ಸ್ವಿಚ್ಚುಗಳು) ಮತ್ತು ಕಂಪ್ಯೂಟರುಗಳು ಎಚ್ಚರಗೊಳ್ಳುವುದು 12 ವೋಲ್ಟಿನ ಚಿಕ್ಕ ಬ್ಯಾಟರಿಯಿಂದ, ಅದು ಇಳಿದುಹೋಗಿತ್ತು. ಪಕ್ಕದ ಮನೆಯವರ ಸಣ್ಣ ಕಾರಿನಿಂದ ಕೇಬಲ್ ಕೊಟ್ಟ ಮರುಕ್ಷಣ ಎಲ್ಲವೂ ಜೀವ ತಳೆಯಿತು. ಈಗ ಓಡಾಟವಿಲ್ಲದಿದ್ದರೂ ವಾರಕ್ಕೊಮ್ಮೆ ಅರ್ಧ ಗಂಟೆ ಕಾರನ್ನು ಚಾಲನೆಯಲ್ಲಿಡುತ್ತೇನೆ.

ಉಳಿದದ್ದು ಟೈರು. 235/45 ಆರ್18 ಅಳತೆಯ ಈ ಟೈರಿನ ಪಕ್ಕೆ ಗಿಡ್ಡ; ಹಳ್ಳಿಯ ರಸ್ತೆಯೊಂದರ ಗುಂಡಿಗೆ ಬಿದ್ದು ಎಡ ಮುಂಗಾಲಿಯ ಟೈರು ಉಬ್ಬಿದಾಗ ಆ ಅಳತೆಯದು ದಾವಣಗೆರೆಯಲ್ಲಿ ಸಿಗದೆ ಬೆಂಗಳೂರಿನಿಂದ ತರಿಸಿಕೊಳ್ಳಲು ಮೂರು ದಿನ ಕಾಯಬೇಕಾಯಿತು. ಅದಾದ ಮೇಲೆ ಒಂದು ಹೊಸ ಟೈರನ್ನು ಮನೆಯಲ್ಲೇ ಇಟ್ಟುಕೊಂಡಿದ್ದೇನೆ.