ಸೈಕಸ್, ಅರಾಕೇರಿಯಾ, ತೂಜಾ: ನಮ್ಮ ತಾರಸಿಯಲ್ಲಿ ಗೆದ್ದಿದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತೆಂಗಿನಂಥ ಗರಿ ಬಿಡುವ ಸೈಕಸ್ ಗಿಡಕ್ಕೆ. ನನ್ನ ಹೊಟ್ಟೆ ಉರಿಸಿದ್ದೂ ಅದೇ ಜಾಸ್ತಿ.

ಉದುರಿದ ಹೂ ಗುಡಿಸಿ ಸಾಕಾಯ್ತು ಅಂತ ಮನೆಯಲ್ಲಿ ಗಲಾಟೆ. ಅದಕ್ಕೇ ಹೂವೇ ಬಿಡದ ಮೂರು ಗಿಡ ತಂದೆ. ಮೂರೂ ಜಿಮ್ನೋಸ್ಪರ್ಮ್ ಗುಂಪಿನವು, ಅಂದರೆ ಬೀಜವನ್ನು ಹಣ್ಣಿನೊಳಗೆ ಬಚ್ಚಿಡದೆ ಬರಿಮೈಯಲ್ಲೇ ಬಿಡುವವು. ತೂಜಾಕ್ಕೆ 150 ರೂಪಾಯಿ, ಅರಾಕೇರಿಯಾಕ್ಕೆ 700, ಸೈಕಸ್‌ಗೆ 2000.

ತೂಜಾ ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ಒಳಗಿನಿಂದ ಒಣಗಿತು. ಒಣಗಿದ್ದನ್ನೆಲ್ಲ ಕತ್ತರಿಸಿದೆ, ಅದೇ ತಪ್ಪಾಯಿತು. ಹಳೇ ಕಂದು ಕೊಂಬೆಯಿಂದ ಅದು ಮತ್ತೆ ಚಿಗುರುವುದು ಅಪರೂಪ.

ಅರಾಕೇರಿಯಾ ಅಂದರೆ ಕ್ರಿಸ್ಮಸ್ ಟ್ರೀ ಅಂತ ಮಾರುತ್ತಾರಲ್ಲ, ಅದು. ಲಾಲ್‌ಬಾಗ್‌ನಲ್ಲಿ ಕಂಬದ ಹಾಗೆ ನಿಂತಿರುವವು ಇದೇ ಕುಲದವು. ನಮ್ಮದರ ಸುಳಿ ಮೆಟ್ಟಿಲು ಹತ್ತಿಸುವಾಗಲೇ ಮುರಿಯಿತು. ಪಕ್ಕದ ಕೊಂಬೆ ಎದ್ದು ನಿಂತು ಸುಳಿಯ ಜಾಗ ತುಂಬುತ್ತದೆ ಅಂತ ಕಾದೆ. ಇಲ್ಲ. ಆ ಕೊಂಬೆಯನ್ನು ಕತ್ತರಿಸಿ ನೆಟ್ಟರೂ ಅದು ಅಡ್ಡಡ್ಡವೇ ಬೆಳೆಯುತ್ತದಂತೆ.

ಈಗ ಸೈಕಸ್‌ನ ಗೋಳು ಕೇಳಿ. ಮೊದಲ ಮಾರ್ಚ್‌ನಲ್ಲಿ ನಡುವಿನಿಂದ ಹೊಸ ಗರಿಗಳು ಎದ್ದವು. ಒಂದೊಂದು ಎಳೆಯೂ ಜರೀಗಿಡದ ಹಾಗೆ ಸುರುಳಿ ಸುತ್ತಿಕೊಂಡಿತ್ತು, ಮೈಮೇಲೆ ಕಂದು ನವಿರು. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಹತ್ತು ದಿನ ಕಳೆದು ನೋಡಿದರೆ ಬರೀ ಕಡ್ಡಿ ಉಳಿದಿದೆ.

ನೀರು ಜಾಸ್ತಿಯಾಯಿತು ಅಂದುಕೊಂಡೆ. ಗಿಡ ಕೊಟ್ಟವರಿಗೆ ಫೋನ್ ಮಾಡಿ ಸುಮ್ನೆ ರೇಗಾಡಿದೆ. ಒಂದು ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಕೂತಾಗ ಕಂಡಿತು: ಗರಿಯ ಮೇಲೆ ಇರುವೆಗಳ ಓಡಾಟ, ಅವುಗಳ ನಡುವೆ ಎಲೆಯದೇ ಬಣ್ಣದ ಪುಟ್ಟ ಹುಳುಗಳು. ಹುಳು ಸಿಹಿರಸ ಬಿಡುತ್ತದೆ, ಇರುವೆ ಅದನ್ನು ಕುಡಿದು ಕಾವಲು ಕಾಯುತ್ತದೆ. ಪ್ಲೇನ್ಸ್ ಕ್ಯುಪಿಡ್ ಎಂಬ ಚಿಕ್ಕ ನೀಲಿ ಚಿಟ್ಟೆಯ ಮರಿಗಳು ಇವು. ಚಿಟ್ಟೆ ಬಂದಿದೆ ಅಂತ ಹಿಂದಿನ ವಾರವೇ ಖುಷಿಪಟ್ಟಿದ್ದವನು ನಾನೇ!

ಬೇರೆ ಗಿಡವಾದರೆ ಇನ್ನೊಂದು ಎಲೆ ಬಿಟ್ಟೀತು. ಸೈಕಸ್ ಗರಿಗಳನ್ನೆಲ್ಲ ಒಟ್ಟಿಗೆ ಬಿಡುತ್ತದೆ, ನಮ್ಮ ಕುಂಡದಲ್ಲಂತೂ ವರ್ಷಕ್ಕೊಮ್ಮೆ. ಅದು ಹೋದರೆ ಇಡೀ ವರ್ಷ ಮೋಟು. ಎರಡನೇ ವರ್ಷ ಬೇವಿನೆಣ್ಣೆ ಸಿಂಪಡಿಸಿದೆ, ಮಳೆ ತೊಳೆದುಹಾಕಿತು. ಮೂರನೇ ವರ್ಷ ನಡುವಿನ ಮೊಗ್ಗು ಉಬ್ಬಿದ ದಿನವೇ ಹಳೇ ಸೊಳ್ಳೆ ಪರದೆ ಕಟ್ಟಿದೆ. ಪಕ್ಕದ ಮನೆಯವರು "ಗಿಡಕ್ಕೂ ಡೆಂಗ್ಯೂ ಭಯವಾ?" ಅಂದರು. ನಾಲ್ಕು ವಾರ ಕಳೆದು ಬಿಚ್ಚಿದಾಗ ಹದಿನಾಲ್ಕು ಗರಿ, ಒಂದಕ್ಕೂ ತೂತಿಲ್ಲ. ಗರಿ ಗಡುಸಾದ ಮೇಲೆ ಹುಳುವಿನ ಆಟ ನಡೆಯುವುದಿಲ್ಲ.

ಕುಂಡ ಬದಲಿಸುವಾಗ ಇನ್ನೊಂದು ಎಡವಟ್ಟು ಸ್ವಲ್ಪದರಲ್ಲೇ ತಪ್ಪಿತು. ಹವಳದ ಹಾಗೆ ಗಂಟುಗಂಟಾದ ಬೇರುಗಳು ಮೇಲ್ಮುಖವಾಗಿ ಬಂದಿದ್ದವು. ರೋಗ ಅಂತ ಕತ್ತರಿ ಹಿಡಿದೇಬಿಟ್ಟಿದ್ದೆ. ಒಂದನ್ನು ಕುಯ್ದರೆ ಒಳಗೆ ಹಸಿರು ಉಂಗುರ. ಅದು ನೀಲಿ-ಹಸಿರು ಪಾಚಿ, ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತದೆ. ಆಮೇಲೆ ನಾನು ಯೂರಿಯಾ ಹಾಕಿಲ್ಲ.

ನಮ್ಮದು ಗಂಡೋ ಹೆಣ್ಣೋ ಇನ್ನೂ ಗೊತ್ತಾಗಿಲ್ಲ. ಉದ್ದ ಶಂಕು ಬಂದರೆ ಗಂಡು, ಉಣ್ಣೆ ಬುಟ್ಟಿಯಂಥದ್ದು ಬಂದರೆ ಹೆಣ್ಣು. ಗಂಡಾದರೆ ಅದರ ವೀರ್ಯಾಣುಗಳು ಈಜುತ್ತವೆ. ಜಪಾನಿನ ಸಸ್ಯವಿಜ್ಞಾನಿ ಇಕೆನೊ 1896ರಲ್ಲಿ ಇದನ್ನು ಕಂಡುಹಿಡಿದದ್ದು ಇದೇ ಜಾತಿಯ ಸೈಕಸ್‌ನಲ್ಲಿ.

ನಾಯಿ ಇರುವ ಮನೆಗೆ ಸೈಕಸ್ ಬೇಡ. ಗಿಡವೆಲ್ಲ ವಿಷ, ಬೀಜವಂತೂ ಇನ್ನೂ ಜಾಸ್ತಿ. ಬೇಲಿಗೆ ಸಾಲಾಗಿ ಹತ್ತು ಗಿಡ ಬೇಕೆಂದರೆ ತೂಜಾನೇ ತಗೊಳ್ಳಿ, 2000 ಕೊಟ್ಟು ಯಾಕೆ? ನಾನು ತಿಂಗಳಲ್ಲಿ ಹತ್ತು ದಿನ ಊರಲ್ಲಿ ಇರುವುದಿಲ್ಲ, ನೀರು ಹಾಕುವವರಿಲ್ಲ. ಆ ಹತ್ತು ದಿನ ತಾಳುವುದು ಸೈಕಸ್ ಒಂದೇ. ವರ್ಷಕ್ಕೊಮ್ಮೆ ಪರದೆ ಕಟ್ಟುವ ಕೆಲಸ ಇದ್ದೇ ಇದೆ.