ಹದಿಹರೆಯದವರ ಕೈಗೆ ಹಳೆಯ ಪಿಎಸ್‌ಪಿ 3000: ಏನು ನೋಡಿ ಕೊಳ್ಳಬೇಕು, ಏನು ಆಡಬೇಕು

ಚಿಕ್ಕಂದಿನಲ್ಲಿ ಗೇಮ್ ಎಂದರೆ ಊಟ ಮರೆಯುತ್ತಿದ್ದ ಮಕ್ಕಳು ಎಸ್ಸೆಸ್ಸೆಲ್ಸಿ, ಪಿಯುಸಿ ಹೊತ್ತಿಗೆ ಬೇಸತ್ತು ಬಿಟ್ಟಿರುತ್ತಾರೆ. ಓದಿನ ಒತ್ತಡವಷ್ಟೇ ಅದಕ್ಕೆ ಕಾರಣವಲ್ಲ. ಮೊಬೈಲ್‌ನ ಉಚಿತ ಆಟಗಳಿಗೆ ಕೊನೆಯೇ ಇರುವುದಿಲ್ಲ. ಐದು ನಿಮಿಷಕ್ಕೊಂದು ಜಾಹೀರಾತು, ದಿನಾ ಬಾ ಎಂದು ಕರೆಯುವ ನೋಟಿಫಿಕೇಶನ್, ದುಡ್ಡು ಕೊಟ್ಟವರಿಗೆ ಮುಂದಿನ ಸಾಲು. ಹೀಗೆ ಬಿಟ್ಟವರಿಗೆ ಆಟದ ರುಚಿ ಮತ್ತೆ ಹತ್ತಿಸಲು ಕೈಯಲ್ಲಿ ಹಿಡಿದು ಆಡುವ, ಸೋನಿಯ ಹಳೆಯ ಪಿಎಸ್‌ಪಿ ಇವತ್ತಿಗೂ ಒಳ್ಳೆಯ ಯಂತ್ರ. ಡಿಸ್ಕ್ ಹಾಕಿದರೆ ಇಡೀ ಆಟ ಕೈಯಲ್ಲಿರುತ್ತದೆ, ಮುಗಿಸಿದರೆ ಮುಗಿಯುತ್ತದೆ.

ಪಿಎಸ್‌ಪಿ ಮೊದಲು ಬಂದದ್ದು 2004ರ ಡಿಸೆಂಬರ್‌ನಲ್ಲಿ, ಜಪಾನಿನಲ್ಲಿ. ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್. ಆರಿಸುವುದಾದರೆ 2008ರ 3000 ಮಾಡೆಲ್ ನೋಡಿ. ಮೊದಲ ಮಾಡೆಲ್ 1000 ಗಟ್ಟಿಮುಟ್ಟಾಗಿದ್ದರೂ ತೂಕ ಹೆಚ್ಚು, ರ್‍ಯಾಮ್ 32 ಎಂಬಿ ಮಾತ್ರ. 2000 ಮತ್ತು 3000ರಲ್ಲಿ 64 ಎಂಬಿ. ಪರದೆ ಈ ಮೂರರಲ್ಲೂ 4.3 ಇಂಚು, 480×272 ಪಿಕ್ಸೆಲ್. 3000ರ ಬಣ್ಣ ಉಳಿದೆರಡಕ್ಕಿಂತ ಎದ್ದು ಕಾಣುತ್ತದೆ, ವೇಗದ ದೃಶ್ಯಗಳಲ್ಲಿ ಚಿತ್ರದ ಹಿಂದೆ ನೆರಳು ಎಳೆಯುವುದೂ ಕಡಿಮೆ. ಆದರೆ ಸಣ್ಣ ಅಡ್ಡಗೆರೆಗಳು ಕಾಣಿಸುತ್ತವೆ. ಅದು ಆ ಪರದೆಯ ಗುಣವೇ ಹೊರತು ಕೆಟ್ಟುಹೋದ ಲಕ್ಷಣವಲ್ಲ. ಇ1000 ಸ್ಟ್ರೀಟ್ ಎಂಬ ಮಾಡೆಲ್ ಅಗ್ಗಕ್ಕೆ ಸಿಕ್ಕರೂ ಬೇಡ: ವೈಫೈ ಇಲ್ಲದ ಕಾರಣ ಗೆಳೆಯರೊಂದಿಗೆ ಕೂಡಿ ಆಡಲಾಗದು.

ಕೊಳ್ಳುವಾಗ ಮೊದಲು ಹಿಂದಿನ ಬ್ಯಾಟರಿ ಮುಚ್ಚಳ ತೆಗೆಸಿ. ಹಳೆಯ ಪಿಎಸ್‌ಪಿ ಬ್ಯಾಟರಿಗಳು ಊದಿಕೊಳ್ಳುವುದು ತೀರಾ ಸಾಮಾನ್ಯ. ಮುಚ್ಚಳ ಸ್ವಲ್ಪ ಉಬ್ಬಿದ್ದರೂ ಆ ಬ್ಯಾಟರಿ ಬಳಸಬಾರದು. ಸಿಕ್ಕಿಕೊಂಡಿದ್ದರೆ ಸ್ಕ್ರೂಡ್ರೈವರ್‌ನಿಂದ ಮೀಟಲೂಬಾರದು, ತೂತಾದರೆ ಬೆಂಕಿ ಹೊತ್ತಿಕೊಳ್ಳಬಹುದು. ಬ್ಯಾಟರಿ ಇಲ್ಲದೆಯೂ ಯಂತ್ರ ಚಾರ್ಜರ್ ಮೇಲೆ ಓಡುತ್ತದೆ, ಹಾಗಾಗಿ ಉಳಿದ ಪರೀಕ್ಷೆ ಅಂಗಡಿಯಲ್ಲೇ ಮಾಡಬಹುದು. ಚಾರ್ಜರ್ 5 ವೋಲ್ಟ್‌ನದೇ ಆಗಿರಲಿ. 3000ಕ್ಕೆ ಕಂಪನಿ ಕೊಟ್ಟದ್ದು 1200 ಎಂಎಎಚ್ ಬ್ಯಾಟರಿ. ಅದೇ ಅಳತೆಯ ಬ್ಯಾಟರಿಯ ಮೇಲೆ 3600 ಎಂದು ಬರೆದಿದ್ದರೆ ನಂಬಬೇಡಿ, ಅಷ್ಟು ಜಾಗದಲ್ಲಿ ಅಷ್ಟು ಶಕ್ತಿ ಹಿಡಿಸದು. 1000ರ ದಪ್ಪ ಬ್ಯಾಟರಿ ಹಾಕಿದರೆ 3000ರ ಮುಚ್ಚಳ ಕೂರುವುದಿಲ್ಲ.

ಎರಡನೆಯದು ಎಡಗಡೆಯ ಅನಲಾಗ್ ಗುಂಡಿ. ಆಟ ಶುರುಮಾಡಿ, ಕೈ ತೆಗೆದು, ಪಾತ್ರ ತಾನಾಗಿಯೇ ನಡೆಯುತ್ತದೆಯೇ ನೋಡಿ. ನಡೆದರೆ ಒಳಗೆ ಧೂಳು ಕೂತಿದೆ ಅಥವಾ ಸವೆದಿದೆ. ಈ ಭಾಗ ಬದಲಿಸಬಹುದು, ಬೆಂಗಳೂರಿನವರು ಎಸ್‌ಪಿ ರಸ್ತೆಯಲ್ಲಿ ವಿಚಾರಿಸಿ ನೋಡಬಹುದು. ಮಾಡೆಲ್ ಸಂಖ್ಯೆ ಹೇಳಿಯೇ ಕೇಳಿ, ಒಂದರದು ಇನ್ನೊಂದಕ್ಕೆ ಹೊಂದದು.

ಡಿಸ್ಕ್ ಓದದಿದ್ದರೆ ಯಂತ್ರವನ್ನೇ ದೂರಬೇಡಿ. ಯುಎಂಡಿ ಎಂಬ ಈ ಪುಟ್ಟ ಡಿಸ್ಕಿನ ಪ್ಲಾಸ್ಟಿಕ್ ಕವಚದ ಎರಡು ಹೋಳು ಕೆಲವೊಮ್ಮೆ ಬಿಟ್ಟುಕೊಂಡಿರುತ್ತವೆ, ಆಗ ಡಿಸ್ಕ್ ಸರಿಯಾಗಿ ತಿರುಗದು. ಬೇರೆ ಡಿಸ್ಕೂ ಓಡದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಲೆನ್ಸ್ ಹಗುರವಾಗಿ ಒರೆಸಿ.

ಸೇವ್ ಮಾಡಲು ಸೋನಿಯದೇ ಮೆಮೊರಿ ಕಾರ್ಡ್, ಮೆಮೊರಿ ಸ್ಟಿಕ್ ಪ್ರೊ ಡ್ಯುಯೊ ಬೇಕೇ ಬೇಕು. ಹಳೆಯ ಸ್ಟಿಕ್‌ಗಳಲ್ಲಿ ನಕಲಿ ಬಹಳ. ಅದರ ಬದಲು ಒಂದೇ ಮೈಕ್ರೊಎಸ್‌ಡಿ ಹಿಡಿಯುವ ಅಡಾಪ್ಟರ್, ಒಳ್ಳೆಯ 16 ಅಥವಾ 32 ಜಿಬಿ ಕಾರ್ಡ್ ಸಾಕು. ಮೊದಲು ಯಂತ್ರದಲ್ಲೇ, ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ ಫಾರ್ಮ್ಯಾಟ್ ಮಾಡಿ. ಕಿತ್ತಳೆ ದೀಪ ಮಿನುಗುತ್ತಿರುವಾಗ ಕಾರ್ಡ್ ಎಳೆದರೆ ವಾರಗಟ್ಟಲೆ ಆಡಿದ್ದು ಹೋಗುತ್ತದೆ.

ಟ್ಯೂಷನ್ನು, ಬಸ್ಸಿನ ನಡುವೆ ಆಡುವವರಿಗೆ ಇದರ ದೊಡ್ಡ ವರ ಸ್ಲೀಪ್. ಬಲಬದಿಯ ಸ್ವಿಚ್ ಮೇಲಕ್ಕೆ ಒಮ್ಮೆ ತಳ್ಳಿ ಬಿಟ್ಟರೆ ಆಟ ಇದ್ದಲ್ಲೇ ನಿಲ್ಲುತ್ತದೆ, ಮತ್ತೆ ತಳ್ಳಿದರೆ ಅಲ್ಲಿಂದಲೇ ಮುಂದುವರಿಯುತ್ತದೆ. ಮೂರು ಸೆಕೆಂಡಿಗೂ ಹೆಚ್ಚು ಹಿಡಿದರೆ ಪೂರ್ತಿ ಆಫ್. ಸ್ಲೀಪ್‌ನಲ್ಲಿರುವಾಗ ಬ್ಯಾಟರಿ ಬರಿದಾದರೆ ನಿಂತ ಜಾಗ ಅಳಿಸಿಹೋಗುತ್ತದೆ, ಆದ್ದರಿಂದ ಮಲಗುವ ಮುಂಚೆ ಸೇವ್ ಮಾಡಿಡಿ.

ಮೊದಲ ಆಟ ಯಾವುದು? ಅನುಮಾನವಿಲ್ಲದೆ ಪಟಾಪಾನ್. ಫ್ರಾನ್ಸಿನ ಕಲಾವಿದ ರೋಲಿತೊ ಬಿಡಿಸಿದ, ಕಣ್ಣೇ ಮೈಯಾದ ಪುಟ್ಟ ಕಪ್ಪು ಸೈನಿಕರನ್ನು ಡೋಲು ಬಾರಿಸಿ ನಡೆಸಬೇಕು. ಚೌಕ, ಚೌಕ, ಚೌಕ, ವೃತ್ತ ಒತ್ತಿದರೆ ಸೈನ್ಯ ಮುಂದಕ್ಕೆ. ವೃತ್ತ, ವೃತ್ತ, ಚೌಕ, ವೃತ್ತ ಒತ್ತಿದರೆ ದಾಳಿ. ನೀವು ನಾಲ್ಕು ಪೆಟ್ಟು ಬಾರಿಸಿದ ಮೇಲೆ ಅವರು ನಾಲ್ಕು ಪೆಟ್ಟಿನಷ್ಟು ಹೊತ್ತು ಹಾಡುತ್ತಾರೆ, ಅಷ್ಟರವರೆಗೆ ಕಾಯಬೇಕು. ಹೊಸಬರೆಲ್ಲ ತಪ್ಪುವುದು ಇಲ್ಲೇ, ಆತುರಕ್ಕೆ ಹಾಡಿನ ನಡುವೆಯೇ ಗುಂಡಿ ಒತ್ತಿಬಿಡುತ್ತಾರೆ. ಲಯ ತಪ್ಪದೆ ಸಾಗಿದರೆ ಫೀವರ್ ಎಂಬ ಆವೇಶ ಹತ್ತಿ ಸೈನ್ಯದ ಬಲ ಏರುತ್ತದೆ. ಮೃದಂಗವನ್ನೋ ತಬಲಾವನ್ನೋ ಕಲಿಯುತ್ತಿರುವ ಮಕ್ಕಳಿಗೆ ಈ ಆಟ ಬೇಗ ಒಲಿಯುತ್ತದೆ.

ಇದೇ ಆಟವನ್ನು ಫೋನಿನಲ್ಲಿ ಎಮ್ಯುಲೇಟರ್ (ಪಿಎಸ್‌ಪಿಯನ್ನು ಅನುಕರಿಸುವ ಆ್ಯಪ್) ಮೂಲಕ, ಬ್ಲೂಟೂತ್ ಇಯರ್‌ಫೋನ್ ಹಾಕಿ ಆಡಿದರೆ ಸದ್ದು ತಡವಾಗಿ ಕಿವಿಗೆ ಬೀಳುತ್ತದೆ, ಸರಿಯಾಗಿ ಬಾರಿಸಿದ್ದೂ ತಪ್ಪಾಗುತ್ತದೆ. ಪಿಎಸ್‌ಪಿಗೆ ವೈರ್ ಇಯರ್‌ಫೋನ್ ಸಿಕ್ಕಿಸಿದರೆ ಈ ತೊಂದರೆಯೇ ಇಲ್ಲ.

ನಂತರ ಲುಮಿನೆಸ್, ಡ್ಯಾಕ್ಸ್‌ಟರ್. ಗೆಳೆಯರ ಬಳಿಯೂ ಯಂತ್ರವಿದ್ದರೆ ಮಾನ್‌ಸ್ಟರ್ ಹಂಟರ್ ಫ್ರೀಡಮ್ ಯುನೈಟ್, ನಾಲ್ವರು ಕೂಡಿ ಬೇಟೆಯಾಡಬಹುದು. ಪಿಎಸ್‌ಪಿಗೆ ಡಬ್ಲ್ಯುಪಿಎ2 ಎಂಬ ವೈಫೈ ಭದ್ರತಾ ವಿಧಾನ ಗೊತ್ತಿಲ್ಲದ್ದರಿಂದ ಈಗಿನ ಎಷ್ಟೋ ರೌಟರ್‌ಗಳಿಗೆ ಅದು ಸೇರಿಕೊಳ್ಳುವುದಿಲ್ಲ. ಅದರಿಂದ ಈ ಬೇಟೆಗೆ ಅಡ್ಡಿಯಿಲ್ಲ: ರೌಟರ್ ಬೇಡದ ಆಡ್‌ಹಾಕ್‌ನಲ್ಲಿ ಯಂತ್ರಗಳು ನೇರ ಮಾತಾಡಿಕೊಳ್ಳುತ್ತವೆ, ಒಂದೇ ಕೋಣೆಯಲ್ಲಿ ಕೂತು ಎಲ್ಲರೂ ಡಬ್ಲ್ಯುಲ್ಯಾನ್ (ವೈಫೈ) ಸ್ವಿಚ್ ಆನ್ ಮಾಡಿಕೊಂಡರಾಯಿತು.